ಸಾಮರ್ಥ್ಯದ ಪಾಠಕ್ಕೆ ಲೇಸರ್ ರಂಧ್ರದ ಉದಾಹರಣೆ

ತರಗತಿ: 9
ಘಟಕ: ಕೆಲಸ ಮತ್ತು ಶಕ್ತಿ
ಉಪಘಟಕ: ಸಾಮರ್ಥ್ಯ

ಶಕ್ತಿಯನ್ನು ಕಾಲದಿಂದ ಭಾಗಿಸಿದರೆ ಸಾಮರ್ಥ್ಯ ಎಂಬ ಸೂತ್ರವನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಕಾಲ ಬದಲಾದರೆ ಆಗುವ ಕೆಲಸದ ಗುಣವೂ ಬದಲಾಗುತ್ತದೆ ಎಂಬುದು ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕಾಗಿ ಬೋಧನಾಭ್ಯಾಸದಲ್ಲಿ ಜೆಟ್ ಎಂಜಿನ್ನಿನ ಟರ್ಬೈನ್ ಅಲಗಿನ ಉದಾಹರಣೆ ತೆಗೆದುಕೊಂಡೆ.

ಟರ್ಬೈನಿಗೆ ನುಗ್ಗುವ ಅನಿಲದ ತಾಪ, ಅಲಗಿನ ನಿಕಲ್ ಮಿಶ್ರಲೋಹ ಕರಗುವ ತಾಪಕ್ಕಿಂತಲೂ ಹೆಚ್ಚಿರಬಹುದು. ಅಲಗಿನ ಮೈಯಲ್ಲಿರುವ ಸುಮಾರು ಅರ್ಧ ಮಿಲಿಮೀಟರ್ ವ್ಯಾಸದ ರಂಧ್ರಗಳಿಂದ ಹೊರಬರುವ ತಂಪು ಗಾಳಿ ಪರದೆಯಂತೆ ಹರಡಿ ಅದನ್ನು ಕಾಪಾಡುತ್ತದೆ. ಲೋಹ ಗಡುಸು, ರಂಧ್ರಗಳು ಓರೆ. ಆದ್ದರಿಂದ ಲೇಸರ್ ಸ್ಪಂದಗಳಿಂದ ಕೊರೆಯುತ್ತಾರೆ.

ಕಪ್ಪುಹಲಗೆಯ ಲೆಕ್ಕ: 10 ಜೂಲ್ ಶಕ್ತಿಯನ್ನು 10 ಮಿಲಿಸೆಕೆಂಡಿನಲ್ಲಿ ಕೊಟ್ಟರೆ 1,000 ವ್ಯಾಟ್, 1 ಮಿಲಿಸೆಕೆಂಡಿನಲ್ಲಿ ಕೊಟ್ಟರೆ 10,000 ವ್ಯಾಟ್.

“ಹಾಗಾದ್ರೆ ಪವರ್ ಜಾಸ್ತಿ ಮಾಡ್ತಾ ಹೋದ್ರೆ ಆಯ್ತಲ್ಲ, ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು. ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. “ಹೌದು” ಎಂದುಬಿಟ್ಟೆ. ಅದು ತಪ್ಪು ಉತ್ತರ.

ಮರುದಿನ ಮೇಣದ ಬಿಲ್ಲೆ, ದಬ್ಬಳ, ಇಕ್ಕಳ ತಂದೆ. ಕಾಯಿಸಿದ ದಬ್ಬಳವನ್ನು ಚುಚ್ಚಿ ತಕ್ಷಣ ತೆಗೆದಾಗ ಸಣ್ಣ ತೂತು ಬಿತ್ತು. ಮತ್ತೆ ಕಾಯಿಸಿ, ಚುಚ್ಚಿ ಹಾಗೆಯೇ ಹಿಡಿದಾಗ ಸುತ್ತಲಿನ ಮೇಣವೂ ಕರಗಿ ಅಂಚಿನಲ್ಲಿ ಹೆಪ್ಪುಗಟ್ಟಿತು. ಅಲಗಿನಲ್ಲೂ ಸ್ಪಂದ ದೀರ್ಘವಾದರೆ ಶಾಖ ಪಕ್ಕಕ್ಕೆ ಹರಡುತ್ತದೆ. ಹೊರಗೆ ಹಾರದ ಕರಗಿದ ಲೋಹ ರಂಧ್ರದ ಗೋಡೆಗೆ ಪದರವಾಗಿ ಅಂಟುತ್ತದೆ. ಆ ಪದರದಲ್ಲಿ ಸೂಕ್ಷ್ಮ ಬಿರುಕುಗಳು ಹುಟ್ಟಬಹುದು. ಆದರೆ ಸಾಮರ್ಥ್ಯ ಅತಿಯಾದರೂ ಕಷ್ಟವೇ: ಕರಗಿದ ಲೋಹ ಸಿಡಿದು ರಂಧ್ರದ ಬಾಯಿಗೆ ಅಂಟುತ್ತದೆ, ಮೇಲೇಳುವ ಪ್ಲಾಸ್ಮಾ ಬೆಳಕನ್ನೇ ತಡೆಯಬಹುದು. ಫೆಮ್ಟೋಸೆಕೆಂಡ್ ಸ್ಪಂದಗಳು ಸುತ್ತಲ ಲೋಹವನ್ನು ಅಷ್ಟಾಗಿ ಬಿಸಿಮಾಡುವುದಿಲ್ಲ. ಆದರೆ ಪ್ರತಿ ಸ್ಪಂದ ತೆಗೆಯುವ ಲೋಹ ಅತ್ಯಲ್ಪವಾದ್ದರಿಂದ ಕೆಲಸ ನಿಧಾನ.

ಈ ಚಟುವಟಿಕೆಗೆ ಮಿತಿಯಿದೆ, ಅದನ್ನು ಮಕ್ಕಳಿಗೂ ಹೇಳಬೇಕು. ದಬ್ಬಳ ಮೇಣವನ್ನು ಮುಟ್ಟಿ ಕರಗಿಸುತ್ತದೆ. ಲೇಸರಿನಲ್ಲಿ ಲೋಹವು ಬೆಳಕನ್ನು ಹೀರಿ ಕರಗಿ ಆವಿಯಾಗುತ್ತದೆ, ಆವಿಯ ಒತ್ತಡ ಕರಗಿದ ಲೋಹವನ್ನು ಹೊರದಬ್ಬುತ್ತದೆ.

ಮೌಲ್ಯಮಾಪನದ ಪ್ರಶ್ನೆ: 20 ಜೂಲ್, 2 ಮಿಲಿಸೆಕೆಂಡ್ ಆದರೆ ಸಾಮರ್ಥ್ಯವೆಷ್ಟು? 10 ಜೂಲ್, 1 ಮಿಲಿಸೆಕೆಂಡ್ ಸ್ಪಂದದಂತೆಯೇ ರಂಧ್ರ ಬೀಳುವುದೇ?

ಅದೇ ಹುಡುಗಿ ಎದ್ದು ಹೇಳಿದಳು: “ಪವರ್ ಒಂದೇ, ಮಿಸ್. ಆದ್ರೆ ಬಿಸಿ ಹರಡೋಕೆ ಟೈಮ್ ಜಾಸ್ತಿ ಸಿಗುತ್ತೆ. ರಂಧ್ರ ಒಂದೇ ಥರ ಇರಲ್ಲ.”

ಮುಂದಿನ ಪಾಠಯೋಜನೆಯಲ್ಲಿ ಅವಳ ಮೊದಲ ಪ್ರಶ್ನೆಯನ್ನೇ ಪೀಠಿಕೆಗೆ ಇಟ್ಟುಕೊಂಡಿದ್ದೇನೆ.