ಬೆನ್ನುಮೂಳೆ ಮುರಿದಾಗ ಸ್ಕ್ರೂ: ಯಾರಿಗೆ, ಎಷ್ಟು?

ಅಡಿಕೆ ಮರದಿಂದ ಬಿದ್ದವರ, ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಜಾರಿದವರ ಬೆನ್ನುಮೂಳೆ ಹೆಚ್ಚಾಗಿ ಮುರಿಯುವುದು ಎದೆಯ ಭಾಗ ಮುಗಿದು ಸೊಂಟದ ಭಾಗ ಆರಂಭವಾಗುವಲ್ಲಿ. ಮೇಲಿನ ಕಶೇರುಗಳನ್ನು ಪಕ್ಕೆಲುಬಿನ ಗೂಡು ಬಿಗಿಯಾಗಿ ಹಿಡಿದಿರುತ್ತದೆ, ಕೆಳಗಿನವು ಬಾಗಿ ಬಳುಕುತ್ತವೆ. ಇವೆರಡರ ನಡುವಿನ ಜಾಗವೇ ಪೆಟ್ಟು ತಿನ್ನುತ್ತದೆ.

ಸ್ಕ್ರೂ ಹಾಕಬೇಕು ಎಂದೊಡನೆ ಮನೆಯವರು ಗಾಬರಿಯಾಗಿ, ಯುನಾನಿಯಲ್ಲಿ ಎಣ್ಣೆಯೋ ಕಟ್ಟೋ ಇದೆಯೇ ಎಂದು ನಮ್ಮಂಥವರಲ್ಲಿಗೆ ಬರುತ್ತಾರೆ. ಮುರಿತದ ಸಂಶಯವಿದ್ದರೆ ಮಾಲೀಶು ಬೇಡ, ಹಿಜಾಮ ಬೇಡ, ಎಳೆದು ಕೂಡಿಸುವವರ ಬಳಿ ಹೋಗುವುದಂತೂ ಬೇಡವೇ ಬೇಡ. ಸಾವಿರ ವರ್ಷಗಳ ಹಿಂದೆಯೇ ಅಂದಲೂಸಿನ ಅಲ್ ಝಹ್ರಾವಿ ತಮ್ಮ 30 ಭಾಗಗಳ ‘ಅಲ್ ತಸ್ರೀಫ್’ನ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟಿದ್ದರು. ಶಸ್ತ್ರಚಿಕಿತ್ಸೆ ನಮ್ಮ ಪರಂಪರೆಗೆ ಹೊರಗಿನದಲ್ಲ.

ಹಾಗೆಂದು ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಮುರಿತದ ಸ್ವರೂಪ, ಹಿಂಬದಿಯ ಅಸ್ಥಿಬಂಧಗಳು ಹರಿದಿವೆಯೇ, ನರಕ್ಕೆ ಪೆಟ್ಟಾಗಿದೆಯೇ ಎಂಬ ಮೂರನ್ನು ನೋಡಿ ಅಂಕ ಕೊಡುವ ಕ್ರಮವೊಂದು 2005ರಲ್ಲಿ ಬಂತು. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ, 5 ಅಥವಾ ಹೆಚ್ಚಾದರೆ ಬೇಕು. 4 ಬಂದರೆ ಎರಡೂ ಸರಿ. ಇಂಥಲ್ಲಿ ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದು ತಪ್ಪಲ್ಲ.

ಇನ್ನು ಸ್ಕ್ರೂಗಳ ಲೆಕ್ಕ. ಸೊಂಟದ ಮೊದಲ ಕಶೇರು ಮುರಿದಿದೆ ಎಂದುಕೊಳ್ಳಿ. ಅದರ ಮೇಲಿನ ಒಂದು, ಕೆಳಗಿನ ಒಂದು ಕಶೇರಿಗೆ ಎರಡೆರಡು ಸ್ಕ್ರೂ ಹಾಕಿ ರಾಡ್ ಜೋಡಿಸಿದರೆ ಒಟ್ಟು 4. ಇದು ಗಿಡ್ಡ ಜೋಡಣೆ. ಮೇಲೆರಡು, ಕೆಳಗೆರಡು ಕಶೇರು ಹಿಡಿದರೆ 8, ಅದು ಉದ್ದ ಜೋಡಣೆ. ಉದ್ದದ್ದು ಗಟ್ಟಿ, ಆದರೆ ಬೆನ್ನಿನ ಹೆಚ್ಚು ಕೀಲುಗಳು ಅಲುಗಾಡದಂತಾಗುತ್ತವೆ. ಗಿಡ್ಡದರಲ್ಲಿ ಬಾಗುವಿಕೆ ಉಳಿಯುತ್ತದೆ, ಆದರೆ ಮೂಳೆ ತೀರಾ ಜಜ್ಜಿಹೋಗಿದ್ದರೆ ಸ್ಕ್ರೂ ಮುರಿಯುವ, ಬೆನ್ನು ಮತ್ತೆ ಗೂನಾಗುವ ಭಯವಿದೆ. ಮುರಿದ ಕಶೇರಿಗೂ ಎರಡು ಸ್ಕ್ರೂ ಸೇರಿಸಿ 6 ಮಾಡುವ ಮಧ್ಯದ ದಾರಿ ಈಗ ಬಳಕೆಯಲ್ಲಿದೆ. ಮುರಿತ ಅದಕ್ಕೆ ಒಗ್ಗುವಂತಿದ್ದರೆ ದುಡಿಯುವ ವಯಸ್ಸಿನವರಿಗೆ ಇದು ಒಳ್ಳೆಯದೆಂದು ನನಗನಿಸುತ್ತದೆ.

ಸಣ್ಣ ರಂಧ್ರಗಳ ಮೂಲಕ ಸ್ಕ್ರೂ ಕೂರಿಸುವ ವಿಧಾನದಲ್ಲಿ ರಕ್ತಸ್ರಾವ ಕಡಿಮೆ, ಸ್ನಾಯುಗಳಿಗೆ ಹಾನಿಯೂ ಕಡಿಮೆ. ಆದರೆ ಮೂಳೆಯ ಚೂರು ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಸಾಮಾನ್ಯವಾಗಿ ತೆರೆದೇ ಬಿಡಿಸಬೇಕಾಗುತ್ತದೆ. ಗಾಯದ ಗುರುತು ಚಿಕ್ಕದಿರಲಿ ಎಂದು ಹಟ ಹಿಡಿಯಬೇಡಿ.

ಮೂಳೆ ಸವೆದ ಅಜ್ಜಿಯರ ಮಾತು ಬೇರೆ. ಅಲ್ಲಿ ಸ್ಕ್ರೂ ಹಿಡಿತ ಸಿಗದೆ ಸಡಿಲವಾಗಬಹುದು, ಅದಕ್ಕೆ ಮೂಳೆಯ ಸಿಮೆಂಟ್ ತುಂಬಿ ಭದ್ರ ಮಾಡುವುದುಂಟು. ಬರೀ ಸಿಮೆಂಟ್ ತುಂಬುವ ಚಿಕಿತ್ಸೆಯನ್ನು ತೋರಿಕೆಯ ಚಿಕಿತ್ಸೆಯೊಂದಿಗೆ ಹೋಲಿಸಿದ ಎರಡು ಅಧ್ಯಯನಗಳು 2009ರಲ್ಲಿ ಪ್ರಕಟವಾದವು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅವಸರ ಬೇಡ.

ಅವಸರ ಬೇಕಾದದ್ದು ಬೇರೆ ಕಡೆ. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿಕೊಂಡರೆ, ಗುದದ ಸುತ್ತ ಸ್ಪರ್ಶ ತಿಳಿಯದಿದ್ದರೆ ಒಂದು ಗಂಟೆಯೂ ಕಾಯಬೇಡಿ. ಬಿದ್ದವರನ್ನು ಕೂರಿಸದೆ, ಕುತ್ತಿಗೆ ಮತ್ತು ಬೆನ್ನು ತಿರುಚದಂತೆ ಮೂರ್ನಾಲ್ಕು ಜನ ಒಟ್ಟಿಗೆ ಹಿಡಿದು ಹಲಗೆಯ ಮೇಲೆ ಮಲಗಿಸಿ ಒಯ್ಯಿರಿ.

ಆಪರೇಷನ್ ನಂತರ ಬೀಡಿ, ಸಿಗರೇಟು ಬಿಡಲೇಬೇಕು, ಅವು ಮೂಳೆ ಕೂಡುವುದನ್ನು ತಡೆಯುತ್ತವೆ. ರುಕೂ, ಸುಜೂದ್‌ಗೆ ಯಾವಾಗಿನಿಂದ ಬಾಗಬಹುದೆಂದು ಸರ್ಜನ್‌ರನ್ನೇ ಕೇಳಿ. ಅಲ್ಲಿಯವರೆಗೆ ಕುರ್ಚಿಯಲ್ಲಿ ಕುಳಿತು, ಅದೂ ಆಗದಿದ್ದರೆ ಮಲಗಿ ಸನ್ನೆಯಿಂದ ನಮಾಝ್ ಮಾಡಲು ರೋಗಿಗೆ ರಿಯಾಯಿತಿ ಇದೆ.