ಹಳೆಯ ಸಣ್ಣ ಕಾರು: ಮಾಲೀಕರ ಮಾತನ್ನು ಕೇಳುವ ಬಗೆ

ಹಳೆಯ ಸಣ್ಣ ಮೋಟಾರು ಕಾರನ್ನು ಕೊಳ್ಳಹೊರಟ ಗೃಹಸ್ಥನು ಸಾಧಾರಣವಾಗಿ ಕೇಳುವ ಪ್ರಶ್ನೆ ಒಂದೇ: "ಈ ಕಂಪೆನಿಯ ಗಾಡಿಯನ್ನು ನಂಬಬಹುದೇ?" ಪ್ರಶ್ನೆ ತಪ್ಪಲ್ಲ, ಆದರೆ ಅದರ ಉತ್ತರದಿಂದ ಆಗುವ ಪ್ರಯೋಜನ ಕಡಮೆ. ಕಾರ್ಖಾನೆಯಿಂದ ಗಾಡಿಗಳೆಲ್ಲ ಒಂದೇ ತೆರನಾಗಿ ಹೊರಬೀಳುತ್ತವೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಒಂದೊಂದೂ ತನ್ನ ಯಜಮಾನನ ಗುಣವನ್ನು ಪಡೆದುಕೊಂಡಿರುತ್ತದೆ. ಆದಕಾರಣ ಹೆಸರಿಗಿಂತ ಹೆಚ್ಚಾಗಿ, ಇಟ್ಟುಕೊಂಡಿದ್ದವರ ಅನುಭವವನ್ನು ವಿಚಾರಿಸತಕ್ಕದ್ದು.

ಇದಕ್ಕೆ ನಮ್ಮ ದೆಹಲಿಯಲ್ಲೇ ಒಂದು ದೃಷ್ಟಾಂತವುಂಟು. 1983ನೆಯ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಮಾರುತಿ 800ರ ಕೀಲಿಕೈಯನ್ನು ಹರಪಾಲ್ ಸಿಂಗ್ ಎಂಬವರಿಗೆ ಕೊಟ್ಟರು. ಮೂರು ಸಿಲಿಂಡರು, 796 ಸಿ.ಸಿ.ಯ ಪುಟ್ಟ ಯಂತ್ರ. ಅವರು 2010ರಲ್ಲಿ ತೀರಿಕೊಳ್ಳುವ ತನಕ ಅದನ್ನು ಮಾರಲಿಲ್ಲ. ಅನಂತರ ಗಾಡಿ ಗ್ರೀನ್ ಪಾರ್ಕಿನ ಮನೆಯ ಮುಂದೆ ನಿಂತಲ್ಲೇ ತುಕ್ಕು ಹಿಡಿಯಿತು. ಮುಂದೆ ಕಂಪೆನಿಯವರೇ ಅದನ್ನು ದುರಸ್ತಿಮಾಡಿಸಿ ಪ್ರದರ್ಶನಕ್ಕಿಟ್ಟರು. ಸುಮಾರು ಇಪ್ಪತ್ತೇಳು ವರ್ಷ ಒಬ್ಬರ ಕೈಯಲ್ಲಿ ಬಾಳಿದ್ದು, ಕೈ ತಪ್ಪಿದೊಡನೆ ಕೆಲವೇ ವರ್ಷಗಳಲ್ಲಿ ಕೆಟ್ಟಿತು. "ಕಡಮೆ ಓಡಿದ ಗಾಡಿ, ಮನೆಯಲ್ಲೇ ನಿಂತಿತ್ತು" ಎಂದು ಮಾರುವವರು ಹೊಗಳುವಾಗ ಈ ಸಂಗತಿ ನೆನಪಿರಲಿ. ನಿಂತ ಗಾಡಿಯಲ್ಲಿ ಬ್ಯಾಟರಿ, ಟಯರು, ರಬ್ಬರಿನ ಕೊಳವೆ, ಬ್ರೇಕು ಇವೆಲ್ಲ ಸದ್ದಿಲ್ಲದೆ ಹಾಳಾಗುತ್ತವೆ.

ಇನ್ನು ಮಾಲೀಕರ ಮಾತು. "ಒಂದು ದಿನವೂ ತೊಂದರೆ ಕೊಟ್ಟಿಲ್ಲ" ಎಂಬುದು ಎಲ್ಲರ ಬಾಯಲ್ಲಿಯೂ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಅಷ್ಟೊಂದು ಒಳ್ಳೆಯ ಸಾಕ್ಷ್ಯವಲ್ಲ. ಹತ್ತು ವರ್ಷ ಏನನ್ನೂ ಬದಲಾಯಿಸದವನೂ ಹಾಗೆಯೇ ಹೇಳುತ್ತಾನೆ. ನಮ್ಮ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರು ತಮ್ಮ ಆಲ್ಟೊ ಕಾರಿಗೆ ಶಾಲೆಯ ನೋಟುಪುಸ್ತಕವೊಂದನ್ನು ಮೀಸಲಿಟ್ಟಿದ್ದಾರೆ. ಎಣ್ಣೆ ಬದಲಾಯಿಸಿದ ದಿನ, ಓಡಿದ ಕಿಲೋಮೀಟರು, ಕ್ಲಚ್ಚಿನ ಖರ್ಚು, ಮುಂಗಾಲಿನ ಬುಷ್ಷು ಎರಡು ಸಲ ಹೋದದ್ದು ಎಲ್ಲವೂ ಅದರಲ್ಲಿವೆ. ಓದಿದರೆ ತೊಂದರೆಗಳ ಪಟ್ಟಿಯಂತೆ ಕಾಣುವುದು. ಆದರೂ ನಾನು ಕೊಳ್ಳುವುದಾದರೆ ಆ ಗಾಡಿಯನ್ನೇ ಕೊಳ್ಳುವೆನು. ಆದ್ದರಿಂದ "ಏನು ಕೆಟ್ಟಿತು?" ಎಂದು ಕೇಳುವುದಕ್ಕಿಂತ "ಏನನ್ನು ಯಾವಾಗ ಬದಲಾಯಿಸಿದಿರಿ? ರಸೀದಿ ಇದೆಯೇ?" ಎಂದು ಕೇಳಬೇಕು. ಹಳೆಯ 800, ಆಲ್ಟೊ 800 ಇವುಗಳಲ್ಲಿ ಟೈಮಿಂಗ್ ಬೆಲ್ಟ್ ಉಂಟು. ಸುಮಾರು ಲಕ್ಷ ಕಿಲೋಮೀಟರಿನೊಳಗೆ ಅದನ್ನು ಬದಲಾಯಿಸಿರಬೇಕು. ಹರಿದರೆ ಗಾಡಿ ನಡುರಸ್ತೆಯಲ್ಲಿ ನಿಂತಿತೆಂದೇ ತಿಳಿಯಿರಿ. ಆಲ್ಟೊ ಕೆ-10ರ ಯಂತ್ರಕ್ಕೆ ಬೆಲ್ಟಿನ ಬದಲು ಸರಪಳಿಯಿದೆ.

ದೆಹಲಿಯ ಬೇಸಗೆ ಯಂತ್ರಕ್ಕೆ ನಿಜವಾದ ಪರೀಕ್ಷೆ. 45 ಡಿಗ್ರಿ ಬಿಸಿಲಿನಲ್ಲಿ, ವಾಹನಗಳ ಸಾಲಿನಲ್ಲಿ ಏ.ಸಿ. ಹಾಕಿ ನಿಂತಾಗ ತಂಪುಮಾಡುವ ವ್ಯವಸ್ಥೆ ಸರಿಯಿಲ್ಲದಿದ್ದರೆ ಸಿಲಿಂಡರಿನ ಮೇಲಣ ಗ್ಯಾಸ್ಕೆಟ್ ಹೋಗುತ್ತದೆ. ಕೂಲೆಂಟಿನ ಬದಲು ಬರಿಯ ನಲ್ಲಿನೀರು ಹಾಕುತ್ತ ಬಂದವರ ಗಾಡಿಗಳಿಗೆ ಈ ಗತಿ ಬೇಗ ಬರುತ್ತದೆ. ಎಣ್ಣೆಯ ಮುಚ್ಚಳವನ್ನು ತೆಗೆದು ನೋಡಿ. ಒಳಗೆ ಕೆನೆಯಂಥ ಬಿಳಿ ಪದಾರ್ಥ ದಪ್ಪಗೆ ಮೆತ್ತಿದ್ದರೆ ನೀರು ಎಣ್ಣೆಗೆ ಸೇರುತ್ತಿರಬಹುದೆಂದು ಸಂಶಯಪಡಬೇಕು. ಗಾಡಿಯನ್ನು ನೋಡಲು ಬೆಳಗ್ಗೆ, ಯಂತ್ರ ತಣ್ಣಗಿರುವಾಗಲೇ ಹೋಗುವುದು ಲೇಸು. ಮೊದಲೇ ಚಾಲೂ ಮಾಡಿ ಬೆಚ್ಚಗಿಟ್ಟಿದ್ದರೆ ಇನ್ನೊಂದು ದಿನ ಹೋಗಿ.

ನೀರಿನಲ್ಲಿ ಮುಳುಗಿದ ಗಾಡಿಗಳದು ಬೇರೆ ಕಥೆ. 2023ನೆಯ ಜುಲೈ 13ರಂದು ಯಮುನೆ 208.66 ಮೀಟರಿಗೆ ಏರಿ ಸಿವಿಲ್ ಲೈನ್ಸ್, ಕಾಶ್ಮೀರಿ ಗೇಟುಗಳ ಕಡೆ ನುಗ್ಗಿತು. ಅಂಥ ಗಾಡಿಯನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ಗೊತ್ತಾಗದು. ತಂತಿಗಳ ತುದಿಗಳು ಮಾತ್ರ ತಿಂಗಳುಗಟ್ಟಲೆ ಕೊಳೆಯುತ್ತಿರುತ್ತವೆ. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕಾಲಡಿಯ ಹಾಸನ್ನು ಎತ್ತಿ ಮೂಸಿ ನೋಡಿ. ಮಾರುವವರು ನಕ್ಕರೆ ನಗಲಿ.

ಸಿ.ಎನ್.ಜಿ. ಗಾಡಿಯಾದರೆ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು. ತಾರೀಖು ತಗಡಿನ ಮೇಲಿರುತ್ತದೆ. ಅನಿಲದ ನಮೂದು ನೋಂದಣಿ ಪತ್ರದಲ್ಲಿಯೂ ಇರಲೇಬೇಕು.

ಯಂತ್ರದ ಆಯುಸ್ಸು ಒಂದು, ಕಾಗದದ ಆಯುಸ್ಸು ಇನ್ನೊಂದು. ನಮ್ಮ ರಾಜಧಾನಿ ಪ್ರದೇಶದಲ್ಲಿ ಈ ಎರಡನೆಯದೇ ಮೊದಲು ಮುಗಿಯುವ ಸಂಭವ ಹೆಚ್ಚು. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗಳು ಇಲ್ಲಿ ಓಡಕೂಡದೆಂದು 2018ನೆಯ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆಜ್ಞಾಪಿಸಿತು. 2025ರ ಜುಲೈ 1ರಿಂದ ದೆಹಲಿಯಲ್ಲಿ ಅಂಥವಕ್ಕೆ ಇಂಧನವೇ ಇಲ್ಲವೆಂದಾಗಿ, ಕೆಲವೇ ದಿನಗಳಲ್ಲಿ ಅದು ನಿಂತಿತು. ಅದೇ ಆಗಸ್ಟಿನಲ್ಲಿ ಕೋರ್ಟು ವಯಸ್ಸಿನ ಕಾರಣದಿಂದ ಕಠಿಣ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿ.ಎಸ್.-4 ಮತ್ತು ಮೇಲಿನವಕ್ಕೆ ಮಾತ್ರ ಉಳಿಸಿತು. ಹೀಗೆ ಆಜ್ಞೆಗಳು ಬದಲಾಗುತ್ತಿರುವುದರಿಂದ ಲೆಕ್ಕವನ್ನು ಬಿಗಿಯಾಗಿಯೇ ಹಾಕುವುದು ಕ್ಷೇಮ. ಹನ್ನೆರಡು ವರ್ಷದ ಪೆಟ್ರೋಲ್ ಕಾರಿಗೆ 1,50,000 ರೂಪಾಯಿ ಕೇಳಿದರೆನ್ನಿ. ಉಳಿದದ್ದು ಮೂರು ವರ್ಷ, ವರ್ಷಕ್ಕೆ 50,000 ಬಿತ್ತು. ಎಂಟು ವರ್ಷದ್ದಕ್ಕೆ 2,80,000 ಕೊಟ್ಟರೆ ಉಳಿದ ಏಳು ವರ್ಷಕ್ಕೆ ವರ್ಷಾ 40,000 ಮಾತ್ರ. ಅಗ್ಗದ್ದೇ ತುಟ್ಟಿಯಾಯಿತಷ್ಟೆ. ಭವಿಷ್ಯನಿಧಿಯಿಂದ ಹಣ ತೆಗೆದು ಕೊಳ್ಳುವ ನಮ್ಮಂಥವರು ಈ ಭಾಗಾಕಾರವನ್ನು ಮಾಡದೆ ಮುಂಗಡ ಕೊಡಬಾರದು.

ಮುಂದೆ ಊರಿಗೆ, ಅಂದರೆ ಕರ್ನಾಟಕಕ್ಕೆ ಒಯ್ಯುವ ಯೋಚನೆಯಿದ್ದರೆ ಇಲ್ಲಿನ ಆರ್.ಟಿ.ಓ. ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವನ್ನು ಅವಧಿ ಮುಗಿಯುವ ಮೊದಲೇ ಪಡೆಯಬೇಕು. ಅಲ್ಲಿ ಹೊಸ ನೋಂದಣಿಯೂ ಜೀವಾವಧಿ ತೆರಿಗೆಯೂ ಇದ್ದೇ ಇವೆ. ಇಲ್ಲಿಯೇ ಕೊಳ್ಳುವವರು 29 ಮತ್ತು 30ನೆಯ ನಮೂನೆಗಳಿಗೆ ಮಾಲೀಕನ ರುಜು ಹಾಕಿಸಿ, ಬ್ಯಾಂಕಿನ ಸಾಲ ತೀರಿದ್ದಕ್ಕೆ 35ನೆಯ ನಮೂನೆಯನ್ನೂ ಕೇಳಿ ಪಡೆದು, ಬಳಿಕ ಬಾಕಿ ಹಣವನ್ನು ಎಣಿಸಿ ಕೊಡುವುದು.