ವಿಂಡೋಸ್ ಅಳಿಸದೆಯೂ ಲಿನಕ್ಸ್ ನೋಡಬಹುದು

ಪ್ರಶ್ನೆ: ಹುಲಸೂರಿನಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಅರ್ಜಿ, ಬಾಂಡ್ ಟೈಪಿಂಗ್, ಲಗ್ನಪತ್ರಿಕೆ, ಆನ್‌ಲೈನ್ ಫಾರ್ಮ್ ಇವೇ ಕೆಲಸ. ಕನ್ನಡದ ಜೊತೆಗೆ ಮರಾಠಿ ಟೈಪಿಂಗೂ ಬರುತ್ತದೆ. ಕಂಪ್ಯೂಟರ್ ಹಳೆಯದು, 4 ಜಿಬಿ ರ‍್ಯಾಮ್, ವಿಂಡೋಸ್ 10. ಅದು ವಿಂಡೋಸ್ 11ಕ್ಕೆ ಹೊಂದುವುದಿಲ್ಲವಂತೆ. ರಿಪೇರಿಯವರೊಬ್ಬರು ‘ಐನೂರು ಕೊಡ್ರಿ, ಕ್ರ್ಯಾಕ್ ಮಾಡಿದ್ದು ಹಾಕಿಕೊಡ್ತೀನಿ’ ಅಂತಾರೆ. ಬೀದರಿನಲ್ಲಿ ಡಿಪ್ಲೊಮಾ ಓದುವ ಅಕ್ಕನ ಮಗ ‘ಮಾಮಾ, ಲಿನಕ್ಸ್ ಹಾಕ್ರಿ, ಪುಕ್ಕಟ ಅದ’ ಅಂತಾನೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳು ರಾಶಿ ಇವೆ. ಅವು ಹೋದರೆ ಅಂಗಡಿಗೆ ಬೀಗವೇ ಗತಿ. ಏನು ಮಾಡಲಿ?
– ಹೆಸರು ಬೇಡ, ಹುಲಸೂರ

ಉತ್ತರ: ಮೊದಲು ಕ್ರ್ಯಾಕ್ ವಿಷಯ ಮುಗಿಸೋಣ. ಅದನ್ನು ಹಾಕಿಸಬೇಡಿ. ಗಿರಾಕಿಗಳ ಆಧಾರ್, ಪಾಸ್‌ಬುಕ್, ಓಟಿಪಿ ಎಲ್ಲವೂ ನಿಮ್ಮ ಯಂತ್ರದ ಮೇಲೆಯೇ ಹಾದುಹೋಗುತ್ತವೆ. ಯಾರೋ ಬೀಗ ಒಡೆದು ಕೊಟ್ಟ ತಂತ್ರಾಂಶದೊಳಗೆ ಏನು ಸೇರಿಸಿದ್ದಾರೋ ಬಲ್ಲವರಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಯಂತ್ರ ಓಡುತ್ತದೆ, ಆದರೆ ಹೊಸ ಭದ್ರತಾ ತೇಪೆಗಳು ತಾವಾಗಿ ಬರುವುದಿಲ್ಲ. ಹಾಗಾಗಿ ನಿಮ್ಮ ಅಳಿಯ ಹೇಳುವುದರಲ್ಲಿ ಹುರುಳಿದೆ. ಅವಸರ ಮಾತ್ರ ಬೇಡ.

ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಅಂದರೆ ಓದಿದವರ ಆಟಿಕೆಯೆಂದು ಹೆದರಬೇಡಿ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಉಬುಂಟು ಎಂಬ ಲಿನಕ್ಸ್ ಆಧಾರಿತ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅವರಲ್ಲಿದ್ದಾರೆ. ಆದರೆ ಶಾಲೆಯ ಕೆಲಸ ಬೇರೆ, ನಿಮ್ಮ ಅಂಗಡಿಯ ಕೆಲಸ ಬೇರೆ. ಅದಕ್ಕೇ ಪರೀಕ್ಷೆ ಮಾಡಿ ನೋಡಬೇಕು.

ಮೊದಲ ಹೆಜ್ಜೆ, ಫೈಲುಗಳ ನಕಲು. ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದುಕೊಂಡು, ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ನಾಲ್ಕಾರು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ ನಂಬಿಕೆಗೆ ಬಾರದು.

ಎರಡನೆಯದು, ವಿಂಡೋಸ್‌ನಲ್ಲಿದ್ದುಕೊಂಡೇ ತಂತ್ರಾಂಶ ಬದಲಿಸಿ ನೋಡುವುದು. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಫೋಟೊ ತಿದ್ದಲು ಗಿಂಪ್, ಚಿತ್ರವಿನ್ಯಾಸಕ್ಕೆ ಇಂಕ್‌ಸ್ಕೇಪ್ ಎಲ್ಲವೂ ಉಚಿತ, ವಿಂಡೋಸ್‌ನಲ್ಲೂ ನಡೆಯುತ್ತವೆ. ಒಂದು ತಿಂಗಳು ಇವುಗಳಲ್ಲೇ ಕೆಲಸ ಮಾಡಿ. ಕೈ ಹೊಂದಿದರೆ ಅರ್ಧ ದಾರಿ ಸವೆಯಿತು.

ಮೂರನೆಯದು, ಲಿನಕ್ಸನ್ನು ಪೆನ್‌ಡ್ರೈವಿನಿಂದ ಓಡಿಸುವುದು. ಲಿನಕ್ಸ್ ಬಗೆಗಳಲ್ಲೊಂದಾದ ಲಿನಕ್ಸ್ ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಹಿತ. ಮಿಂಟ್‌ನ ಅಧಿಕೃತ ತಾಣದಿಂದಲೇ ಫೈಲ್ ಇಳಿಸಿಕೊಂಡು, ರೂಫಸ್ ಎಂಬ ಉಚಿತ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ. ಅದರಲ್ಲಿದ್ದುದೆಲ್ಲ ಅಳಿಯುತ್ತದೆ, ಖಾಲಿ ಪೆನ್‌ಡ್ರೈವನ್ನೇ ಬಳಸಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬಳಿಕ ಕಂಪ್ಯೂಟರ್ ಶುರುವಾಗುವಾಗ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಆರಿಸಿ. ಹಾರ್ಡ್‌ಡಿಸ್ಕನ್ನು ನೀವಾಗಿ ಮುಟ್ಟದ ಹೊರತು ಅಲ್ಲಿನ ಒಂದಕ್ಷರವೂ ಬದಲಾಗುವುದಿಲ್ಲ. ಪೆನ್‌ಡ್ರೈವ್ ತೆಗೆದು ಮತ್ತೆ ಶುರು ಮಾಡಿದರೆ ಹಳೆಯ ವಿಂಡೋಸ್.

ಅಪಾಯವಿರುವುದು ಒಂದೇ ಕಡೆ. ಪೆನ್‌ಡ್ರೈವಿನಿಂದ ತೆರೆದ ಲಿನಕ್ಸ್ ಪರದೆಯ ಮೇಲೆ ‘ಇನ್‌ಸ್ಟಾಲ್’ ಎಂಬ ಐಕಾನ್ ಇರುತ್ತದೆ. ಒತ್ತಿದರೆ ಕೆಲವು ಪ್ರಶ್ನೆಗಳ ನಂತರ ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಬರುತ್ತದೆ. ಡಿಸ್ಕ್ ಪೂರ್ತಿ ಅಳಿಸುವ ಸಾಲು ಅದೇ. ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುವ ಅಭ್ಯಾಸವಿದ್ದವರು ಫೈಲು ಕಳೆದುಕೊಳ್ಳುವುದು ಇಲ್ಲಿಯೇ. ಪರೀಕ್ಷೆಯ ದಿನಗಳಲ್ಲಿ ಆ ಐಕಾನ್ ಮುಟ್ಟಬೇಡಿ, ಅಳಿಯನಿಗೂ ಹೇಳಿ.

ಪೆನ್‌ಡ್ರೈವಿನಲ್ಲಿ ನೋಡಬೇಕಾದದ್ದು ನಿಮ್ಮ ದಿನದ ಕೆಲಸ: ಪ್ರಿಂಟರ್, ಸ್ಕ್ಯಾನರ್, ವೈಫೈ ನಡೆಯುತ್ತವೆಯೇ? ಕೆನಾನ್ ಎಲ್‌ಬಿಪಿ 2900 ಇದ್ದರೆ ಲಿನಕ್ಸ್‌ನಲ್ಲಿ ತಂಟೆ ಮಾಡುವುದುಂಟು. ಬೆರಳ ಗುರುತು ಓದುವ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅವುಗಳಿಗೆ ಲಿನಕ್ಸ್ ಡ್ರೈವರ್ ಇದೆಯೇ ವಿಚಾರಿಸಿ.

ಇನ್ನು ನುಡಿ. ಕೀಲಿಮಣೆಗೆ ಚಿಂತೆಯಿಲ್ಲ, ನುಡಿಯ ಕಗಪ ವಿನ್ಯಾಸ ಲಿನಕ್ಸ್‌ನಲ್ಲೇ ಇದೆ. ಮರಾಠಿ ಕೀಲಿಮಣೆಯೂ ಇದೆ. ತೊಡಕಿರುವುದು ಹಳೆಯ ಫೈಲುಗಳಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚಿಸಿದ್ದು ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ವಿಂಡೋಸ್ ಇರುವಾಗಲೇ ಮತ್ತೆ ಮತ್ತೆ ಬೇಕಾಗುವ ಅರ್ಜಿ ನಮೂನೆಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಓದಿ ತಿದ್ದಿ. ಲಗ್ನಪತ್ರಿಕೆಗೆ ಕೋರೆಲ್‌ಡ್ರಾ ಬಳಸುತ್ತಿದ್ದರೆ ಅದರ ಫೈಲುಗಳು ಉಚಿತ ತಂತ್ರಾಂಶಗಳಲ್ಲಿ ಪೂರ್ತಿ ಸರಿಯಾಗಿ ತೆರೆಯುವ ಭರವಸೆಯಿಲ್ಲ.

ನನ್ನ ತೀರ್ಪು ಇಷ್ಟು. ಕೋರೆಲ್, ಬೆರಳ ಗುರುತಿನ ಯಂತ್ರ ಎರಡೂ ನಿಮಗೆ ಬೇಡವಾದರೆ, ಪ್ರಿಂಟರ್ ಒಪ್ಪಿದರೆ, ಧೈರ್ಯವಾಗಿ ಲಿನಕ್ಸ್‌ಗೆ ಬನ್ನಿ. ಅವು ಬೇಕೇಬೇಕೆಂದರೆ ವಿಂಡೋಸ್ ಇರುವ ಈ ಯಂತ್ರವನ್ನು ಇಂಟರ್ನೆಟ್ಟಿಲ್ಲದೆ ಲಗ್ನಪತ್ರಿಕೆ ಕೆಲಸಕ್ಕೆ ಇಟ್ಟುಕೊಂಡು, ಆನ್‌ಲೈನ್ ಫಾರ್ಮು, ಬೆರಳ ಗುರುತಿನ ಕೆಲಸಕ್ಕೆ ಬೇರೊಂದು ಯಂತ್ರ ನೋಡಿಕೊಳ್ಳಿ. ಯಾವ ದಾರಿ ಹಿಡಿದರೂ ಫೈಲುಗಳ ನಕಲನ್ನು ಇವತ್ತೇ ತೆಗೆದಿಡಿ.